ಒಂದೇ ಬೀದಿ, ಎರಡು ಕಂದಾಯ

ಈ ಸಮ್ಮೇಳನದ ಪ್ರಧಾನ ಭಾಷಣಕ್ಕೆ ನನ್ನನ್ನು ಕರೆದವರು ವಿಷಯ ಏನೆಂದು ಕೇಳಿದರು. "ಮನೆ ಕಂದಾಯ" ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, "ಸರ್, ಸಾಹಿತ್ಯ, ಸಂಸ್ಕೃತಿ ಅಂತ ಏನಾದರೂ..." ಅಂದರು. ನಾನು ಒಪ್ಪಲಿಲ್ಲ. ಅದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ ನಮ್ಮ ಕೂಟದ ಯುಗಾದಿ ಊಟದಲ್ಲಿ ಒಬ್ಬ ತರುಣ ನನ್ನ ಪಕ್ಕ ಕುಳಿತಿದ್ದರು. ಆಗಷ್ಟೇ ಇದೇ ಕೊಲ್ಲಿ ಪ್ರದೇಶದಲ್ಲಿ ಮನೆ ಕೊಂಡಿದ್ದರು. "ಸರ್, ನಿಮ್ಮದೂ ನಮ್ಮ ಬೀದಿಯ ಥರದ್ದೇ ಮನೆ ಅಲ್ವಾ, ಪ್ರಾಪರ್ಟಿ ಟ್ಯಾಕ್ಸ್ ಎಷ್ಟು ಬರುತ್ತೆ?" ಎಂದು ಕೇಳಿದರು. ನಾನು ಹೋಳಿಗೆ ಮುರಿಯುತ್ತಾ "ಹೆಚ್ಚೂಕಮ್ಮಿ ಎಲ್ಲರಿಗೂ ಅಷ್ಟೇ" ಎಂದುಬಿಟ್ಟೆ. ಅದು ಸುಳ್ಳು. ಅವರು ಕಟ್ಟುವುದರ ಅರ್ಧದಷ್ಟನ್ನು ಮಾತ್ರ ನಾನು ಕಟ್ಟುತ್ತೇನೆ. ಹೇಳಲು ನಾಚಿಕೆಯಾಯಿತು. ಇವತ್ತಿನ ಮಾತು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಉತ್ತರ ಕೊಡಬೇಕಾದರೆ ಇತಿಹಾಸ ಹೇಳಲೇಬೇಕು. ನಮ್ಮ ಕಂದಾಯದ ಚೀಟಿಯಲ್ಲಿರುವ ಒಂದೊಂದು ಸಾಲಿನ ಹಿಂದೆಯೂ ಯಾರದೋ ಜಗಳ, ಯಾರದೋ ಮತ, ಯಾವುದೋ ನ್ಯಾಯಾಲಯದ ತೀರ್ಪು ಇದೆ.

ಮೊದಲು ಒಂದು ಹಳೆಯ ಮಾತು. 2003ರಲ್ಲಿ ನಾನು ಮನೆ ಕೊಂಡಾಗ ಪಕ್ಕದ ಮನೆಯಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರಿದ್ದರು. ಅವರ ಮನೆಗೂ ನಮ್ಮ ಮನೆಗೂ ಒಂದೇ ನಕ್ಷೆ, ಒಂದೇ ವಿಸ್ತೀರ್ಣ. ನನ್ನ ಮೊದಲ ಚೀಟಿ ಬಂದ ದಿನ ಬೇಲಿಯ ಬಳಿ ನಿಂತು ಅವರೊಂದಿಗೆ ಗೊಣಗಿದೆ. ಅವರು ಒಳಗೆ ಹೋಗಿ ತಮ್ಮ ಚೀಟಿ ತಂದು ತೋರಿಸಿದರು. ನನ್ನ ಕಂದಾಯದ ಏಳರಲ್ಲಿ ಒಂದು ಪಾಲೂ ಇರಲಿಲ್ಲ! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೊರಗಿನವನೆಂದು ನನಗೆ ಹೀಗೆ ಮಾಡಿದ್ದಾರೆಯೇ ಎಂಬ ಅನುಮಾನವೂ ಬಂತು.

ಆ ಅನುಮಾನ ಪೂರ್ತಿ ತಪ್ಪಾಗಿತ್ತು. ಆದರೆ ಅಂಥ ಅನುಮಾನ ಬರುವುದಕ್ಕೆ ಈ ನೆಲದಲ್ಲಿ ಹಳೆಯ ಕಾರಣಗಳು ಬೇಕಾದಷ್ಟಿವೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಕ್ಯಾಲಿಫೋರ್ನಿಯಾ ರಾಜ್ಯವಾದದ್ದು 1850ರಲ್ಲಿ. ಚಿನ್ನದ ಹುಚ್ಚಿನ ಕಾಲ. ಅದೇ ವರ್ಷ ಶಾಸಕಾಂಗ ವಿದೇಶಿ ಗಣಿಗಾರರ ಲೈಸೆನ್ಸ್ ತೆರಿಗೆಯನ್ನು ತಂದಿತು. ಅಮೆರಿಕದ ಪೌರನಲ್ಲದವನು ಚಿನ್ನ ಅಗೆಯಬೇಕಾದರೆ ತಿಂಗಳಿಗೆ 20 ಡಾಲರ್ ಕಟ್ಟಬೇಕು. ಆ ಕಾಲಕ್ಕೆ ಅದು ಬೆನ್ನು ಮುರಿಯುವ ಹೊರೆ. ಸೊನೋರಾ ಊರಿನ ಸುತ್ತ ಅಗೆಯುತ್ತಿದ್ದ ಮೆಕ್ಸಿಕೋ, ಚಿಲಿ ದೇಶಗಳ ಜನ ಪ್ರತಿಭಟಿಸಿದರು, ಆಮೇಲೆ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದರು. ಗಿರಾಕಿಗಳೇ ಇಲ್ಲದಂತಾಗಿ ಅಂಗಡಿಯವರು ಗೋಳಾಡಿದರು. ಮರುವರ್ಷ ಆ ಕಾನೂನನ್ನು ತೆಗೆದರು. 1852ರಲ್ಲಿ ಮತ್ತೆ ತಂದಾಗ ದರ ತಿಂಗಳಿಗೆ 3 ಡಾಲರ್, ಮುಂದಿನ ವರ್ಷ 4 ಡಾಲರ್. ಈ ಸಲ ಅದನ್ನು ಹೆಚ್ಚಾಗಿ ತೆತ್ತವರು ಚೀನಾದಿಂದ ಬಂದವರು. ವಸೂಲಾದ ಹಣವನ್ನು ರಾಜ್ಯವೂ ಕೌಂಟಿಗಳೂ ಹಂಚಿಕೊಳ್ಳುತ್ತಿದ್ದವು. ಕೆಲವು ಗಣಿ ಕೌಂಟಿಗಳ ಖರ್ಚು ನಡೆದದ್ದೇ ಮತದಾನದ ಹಕ್ಕಿಲ್ಲದ ಈ ಜನರ ದುಡ್ಡಿನಿಂದ.

ಮುಂದಿನ ಕಥೆ ಸ್ಯಾನ್ ಫ್ರಾನ್ಸಿಸ್ಕೋದ್ದು. ಅಲ್ಲಿ ಬಟ್ಟೆ ಒಗೆಯುವ ಅಂಗಡಿಗಳನ್ನು ನಡೆಸುತ್ತಿದ್ದವರಲ್ಲಿ ಹೆಚ್ಚಿನವರು ಚೀನಿಯರು. ಅವರು ಬಟ್ಟೆಯ ಗಂಟನ್ನು ಹೆಗಲ ಮೇಲಿನ ಅಡ್ಡೆಯಲ್ಲಿ ಹೊತ್ತು ಮನೆಮನೆಗೆ ತಲುಪಿಸುತ್ತಿದ್ದರು. ಕುದುರೆ ಗಾಡಿ ಇಟ್ಟಷ್ಟು ಶ್ರೀಮಂತರಲ್ಲ. 1870ರ ದಶಕದಲ್ಲಿ ನಗರಸಭೆ ಒಂದು ಶುಲ್ಕದ ಪಟ್ಟಿ ಮಾಡಿತು. ಕುದುರೆ ಗಾಡಿ ಇದ್ದವರಿಗೆ ಚಿಲ್ಲರೆ ಶುಲ್ಕ, ಕುದುರೆಯೇ ಇಲ್ಲದವರಿಗೆ ಮೂರು ತಿಂಗಳಿಗೆ 15 ಡಾಲರ್. ಪಟ್ಟಿಯಲ್ಲಿ ಎಲ್ಲಿಯೂ ಚೀನಾ ಎಂಬ ಹೆಸರಿಲ್ಲ. ಯಾರ ಮೇಲೆ ಬೀಳುತ್ತದೆ ಎಂಬುದು ಮಾತ್ರ ಊರಿಗೆಲ್ಲ ಗೊತ್ತಿತ್ತು.

ಆ ಶುಲ್ಕ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 1880ರಲ್ಲಿ ನಗರ ಇನ್ನೊಂದು ದಾರಿ ಹಿಡಿಯಿತು. ಮರದ ಕಟ್ಟಡದಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಲು ನಗರದ ಮೇಲ್ವಿಚಾರಕರ ಅನುಮತಿ ಬೇಕು ಎಂದಿತು. ಊರಿನಲ್ಲಿದ್ದ ಸುಮಾರು 320 ಅಂಗಡಿಗಳಲ್ಲಿ 310 ಮರದವೇ. ಅರ್ಜಿ ಹಾಕಿದ ಸುಮಾರು 200 ಚೀನಿಯರಲ್ಲಿ ಒಬ್ಬರಿಗೂ ಅನುಮತಿ ಸಿಗಲಿಲ್ಲ. ಬೇರೆಯವರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಸಿಕ್ಕಿತು. ಇಪ್ಪತ್ತೆರಡು ವರ್ಷಗಳಿಂದ ಅದೇ ಜಾಗದಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬರು ದಂಡ ಕಟ್ಟಲು ಒಪ್ಪದೆ ಜೈಲಿಗೆ ಹೋದರು, ಅಲ್ಲಿಂದಲೇ ಮೊಕದ್ದಮೆ ಹೂಡಿದರು. ಯಿಕ್ ವೋ ವಿರುದ್ಧ ಹಾಪ್ಕಿನ್ಸ್ ಎಂಬ ಆ ಮೊಕದ್ದಮೆಯಲ್ಲಿ 1886ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ತೀರ್ಪು ಕೊಟ್ಟಿತು: ಸಂವಿಧಾನದ 14ನೇ ತಿದ್ದುಪಡಿ ಕೊಡುವ ಸಮಾನ ರಕ್ಷಣೆ ಪೌರರಿಗಷ್ಟೇ ಅಲ್ಲ, ಇಲ್ಲಿರುವ ಪ್ರತಿಯೊಬ್ಬ ವ್ಯಕ್ತಿಗೂ ಸೇರಿದ್ದು. ಕಾನೂನಿನ ಮಾತು ಎಷ್ಟೇ ನ್ಯಾಯವಾಗಿ ಕಂಡರೂ ಅದನ್ನು ಪಕ್ಷಪಾತದಿಂದ ನಡೆಸಿದರೆ ಅದು ಅನ್ಯಾಯವೇ.

ವೀಸಾದ ಮೇಲಿರುವ ಗೆಳೆಯರು ಈ ತೀರ್ಪನ್ನು ನೆನಪಿಟ್ಟುಕೊಳ್ಳಬೇಕು. ಬಟ್ಟೆ ಒಗೆಯುತ್ತಿದ್ದ ಒಬ್ಬ ವಲಸಿಗ ಲೈಸೆನ್ಸಿಗಾಗಿ ಮಾಡಿದ ಜಗಳದಿಂದ ನಮಗೆ ಬಂದ ಆಸ್ತಿ ಅದು.

ನಮ್ಮವರ ಕಥೆಯೂ ಇಲ್ಲೇ ಸೇರಿಕೊಳ್ಳುತ್ತದೆ. 1913ರಲ್ಲಿ ಕ್ಯಾಲಿಫೋರ್ನಿಯಾ, ಪೌರತ್ವ ಪಡೆಯಲು ಅರ್ಹರಲ್ಲದ ವಿದೇಶಿಯರು ಕೃಷಿ ಭೂಮಿ ಕೊಳ್ಳಕೂಡದು ಎಂದು ಕಾನೂನು ಮಾಡಿತು. 1920ರಲ್ಲಿ ಅದನ್ನು ಬಿಗಿಗೊಳಿಸಿತು. ಮುಖ್ಯ ಗುರಿ ಜಪಾನಿನ ರೈತರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ, ಇಲ್ಲಿನ ಪಂಜಾಬಿ ರೈತರೂ ಅದೇ ಬಲೆಗೆ ಬಿದ್ದರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ಭೂಮಿಯ ಕಾನೂನನ್ನು ರಾಜ್ಯದ ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 1952ರಲ್ಲಿ. ಕೌಂಟಿಯ ಪಟ್ಟಿಯಲ್ಲಿ ಇಂದು ನಮ್ಮ ಹೆಸರು ಮನೆಯ ಮಾಲೀಕರ ಸಾಲಿನಲ್ಲಿದೆ. ಚೀಟಿ ಬಂದಾಗ ನಾವು ಗೊಣಗುತ್ತೇವೆ. ಆ ಚೀಟಿಯಾದರೂ ಬರಲಿ ಎಂದು ಬಯಸಿ, ಬರದೆಯೇ ಹೋದವರೂ ಇದ್ದರು.

ಈಗ 2003ರಲ್ಲಿ ನನ್ನ ನಿದ್ದೆ ಕೆಡಿಸಿದ ಚೀಟಿಗೆ ಬರುತ್ತೇನೆ. ಮೇಲಿನ ಕಾನೂನುಗಳು ಹೊರಗಿನವರ ಮೇಲೆ ಬೇಕೆಂದೇ ಹೊರೆ ಹಾಕಿದವು. ನನ್ನ ಚೀಟಿಯ ಕಥೆ ಬೇರೆ. ಅದು ಶುರುವಾಗುವುದು ಒಂದು ಲಂಚದ ಹಗರಣದಿಂದ.

ಈ ರಾಜ್ಯದಲ್ಲಿ 58 ಕೌಂಟಿಗಳಿವೆ. ಪ್ರತಿಯೊಂದರಲ್ಲೂ ಜನ ಆರಿಸಿದ ಒಬ್ಬ ಅಸೆಸರ್ ಇರುತ್ತಾರೆ. ಯಾವ ಆಸ್ತಿಗೆ ಎಷ್ಟು ಬೆಲೆ ಎಂದು ಬರೆಯುವುದು ಅವರ ಕೆಲಸ. ನಮ್ಮ ಕಡೆಯ ಹಳೆಯ ಶಾನುಭೋಗರನ್ನು ನೆನೆಸಿಕೊಳ್ಳಿ. ಇಲ್ಲಿ ಒಂದೇ ವ್ಯತ್ಯಾಸ, ಇವರು ಚುನಾವಣೆಗೆ ನಿಲ್ಲಬೇಕು. ಹಾಗಾಗಿ ಹಿಂದೆ ಹೆಚ್ಚಿನ ಕಡೆ ಮತದಾರರ ಮನೆಗಳಿಗೆ ಕಡಿಮೆ ಬೆಲೆ ಬರೆದು, ವ್ಯಾಪಾರದ ಕಟ್ಟಡಗಳಿಗೆ ಹೆಚ್ಚು ಬರೆಯುವುದು ನಡೆದುಕೊಂಡು ಬಂದಿತ್ತು. 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅಸೆಸರ್ ರಸೆಲ್ ವೋಲ್ಡನ್ ಅವರ ಹಗರಣ ಬಯಲಾಯಿತು. ವ್ಯಾಪಾರ ಸಂಸ್ಥೆಗಳ ಆಸ್ತಿಯ ಬೆಲೆ ಇಳಿಸಲು ಲಂಚ ನಡೆದಿತ್ತು. ಅವರಿಗೆ ಶಿಕ್ಷೆಯಾಯಿತು. ಜನ ಸಿಟ್ಟಾದರು. 1966ರಲ್ಲಿ ಶಾಸಕಾಂಗ ಎಲ್ಲ ಆಸ್ತಿಗಳಿಗೂ ಮಾರುಕಟ್ಟೆ ಬೆಲೆಯ 25 ಶೇಕಡಾವನ್ನೇ ಲೆಕ್ಕಕ್ಕೆ ಹಿಡಿಯಬೇಕು ಎಂದು ಕಾನೂನು ಮಾಡಿತು.

ನೋಡಿ ಹೇಗಾಯಿತು! ವ್ಯವಸ್ಥೆ ಶುದ್ಧವಾಯಿತು, ಅದರ ಬಿಲ್ಲು ಮನೆಯವರಿಗೆ ಬಂತು. ಅಸೆಸರುಗಳ ಹಳೆಯ ದಾಕ್ಷಿಣ್ಯದಿಂದ ತಗ್ಗಿದ್ದ ಮನೆಗಳ ಮೌಲ್ಯ ಮೇಲೇರಿತು. ಅದರ ಮೇಲೆ 1970ರ ದಶಕದಲ್ಲಿ ಮನೆಗಳ ಬೆಲೆ ಗಗನಕ್ಕೇರಿತು. ಕಂದಾಯದ ಸರಾಸರಿ ದರ ಬೆಲೆಯ ಎರಡೂವರೆ ಶೇಕಡಾಕ್ಕೂ ಮೇಲಿತ್ತು. ಪಿಂಚಣಿಯಲ್ಲಿ ಬದುಕುವ ಮುದುಕರಿಗೆ ಮನೆಯ ಬೆಲೆ ಏರಿದರೆ ಕೈಗೇನೂ ಕಾಸು ಬರುವುದಿಲ್ಲ, ಕಂದಾಯ ಮಾತ್ರ ಏರುತ್ತದೆ. ಇತ್ತ ರಾಜ್ಯದ ಖಜಾನೆಯಲ್ಲಿ ಶತಕೋಟಿಗಟ್ಟಲೆ ಡಾಲರ್ ಉಳಿಕೆ ಕೂತಿತ್ತು. ಶಾಸಕರು ಪರಿಹಾರ ಏನೆಂದು ವರ್ಷಗಟ್ಟಲೆ ವಾದಿಸುತ್ತಲೇ ಇದ್ದರು.

1978ರ ಜೂನ್ 6ರಂದು ಹಾವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಮುಂದಿಟ್ಟ ಪ್ರೊಪೊಸಿಷನ್ 13ಕ್ಕೆ ಮತದಾನ ನಡೆಯಿತು. ಮತ ಹಾಕಿದವರಲ್ಲಿ ಮೂರನೇ ಎರಡು ಪಾಲಿನ ಹತ್ತಿರದಷ್ಟು ಜನ ಒಪ್ಪಿದರು. ನಿಯಮ ಸರಳ. ಕಂದಾಯ ಬೆಲೆಯ 1 ಶೇಕಡಾ ಮೀರಬಾರದು, ಮತದಾರರು ಒಪ್ಪಿದ ಸಾಲದ ಕಂತು ಮಾತ್ರ ಅದರ ಮೇಲೆ ಸೇರಬಹುದು. ಹಳೆಯ ಮಾಲೀಕರಿಗೆ 1975ರ ಬೆಲೆಯೇ ಆಧಾರ. ಆ ಬೆಲೆ ವರ್ಷಕ್ಕೆ ಹೆಚ್ಚೆಂದರೆ 2 ಶೇಕಡಾ ಏರಬಹುದು. ಮನೆ ಕೈ ಬದಲಾದಾಗ ಅಥವಾ ಹೊಸದಾಗಿ ಕಟ್ಟಿದಾಗ ಮಾತ್ರ ಅಂದಿನ ಮಾರುಕಟ್ಟೆ ಬೆಲೆಗೆ ಹೊಸ ಲೆಕ್ಕ.

ನನ್ನ ನೆರೆಮನೆಯ ಶಿಕ್ಷಕಿಯ ಗುಟ್ಟು ಇಷ್ಟೇ. 60 ಸಾವಿರ ಡಾಲರಿನ 1975ರ ಬೆಲೆ 2 ಶೇಕಡಾದಂತೆ ಏರುತ್ತಾ ಹೋದರೆ 2003ರ ಹೊತ್ತಿಗೆ ಒಂದು ಲಕ್ಷದ ಚಿಲ್ಲರೆಯಾಗುತ್ತದೆ, ಅದರ 1 ಶೇಕಡಾ ಒಂದು ಸಾವಿರದ ಆಸುಪಾಸು. ನಾನು ಅದೇ ಥರದ ಮನೆಯನ್ನು 7 ಲಕ್ಷಕ್ಕೆ ಕೊಂಡೆ, ನನಗೆ 7 ಸಾವಿರ. ನನ್ನ ಹೆಸರನ್ನಾಗಲಿ ಬಣ್ಣವನ್ನಾಗಲಿ ಯಾರೂ ನೋಡಿರಲಿಲ್ಲ, ನಾನು ಬಂದ ಇಸವಿಯನ್ನು ನೋಡಿದ್ದರು.

ಇದು ನ್ಯಾಯವೇ ಎಂಬ ಪ್ರಶ್ನೆಯೂ ಸುಪ್ರೀಂ ಕೋರ್ಟಿಗೆ ಹೋಯಿತು. ಲಾಸ್ ಏಂಜಲೀಸಿನಲ್ಲಿ ಬಾಡಿಗೆಗಿದ್ದ ಸ್ಟೆಫನಿ ನಾರ್ಡ್ಲಿಂಗರ್ 1988ರಲ್ಲಿ 1,70,000 ಡಾಲರಿಗೆ ಒಂದು ಸಾಧಾರಣ ಮನೆ ಕೊಂಡರು. ಅಂಥದೇ ಮನೆಯಲ್ಲಿ 1975ರಿಂದ ಇದ್ದ ನೆರೆಯವರಿಗಿಂತ ಸುಮಾರು ಐದು ಪಟ್ಟು ಕಂದಾಯ ಅವರಿಗೆ ಬಂತು. ಮಾಲಿಬೂ ಕಡಲತೀರದಲ್ಲಿ 21 ಲಕ್ಷ ಡಾಲರ್ ಬೆಲೆಬಾಳುವ ಮನೆಯ ಹಳೆಯ ಮಾಲೀಕರೊಬ್ಬರು ಕಟ್ಟುತ್ತಿದ್ದ ಕಂದಾಯಕ್ಕೂ ಇವರ ಕಂದಾಯಕ್ಕೂ ಕೆಲವೇ ಡಾಲರುಗಳ ವ್ಯತ್ಯಾಸ. 1992ರಲ್ಲಿ ಎಂಟು ನ್ಯಾಯಮೂರ್ತಿಗಳು ವ್ಯವಸ್ಥೆಯನ್ನು ಎತ್ತಿಹಿಡಿದರು, ಒಬ್ಬರು ಭಿನ್ನಮತ ಬರೆದರು. ನೆಲೆನಿಂತ ಜನ ಅಲ್ಲೇ ಉಳಿಯಲಿ ಎಂದು ಸರ್ಕಾರ ಬಯಸಬಹುದು, ಹೊಸಬರು ಕಂದಾಯ ಎಷ್ಟೆಂದು ತಿಳಿದೇ ಕೊಳ್ಳುತ್ತಾರೆ ಎಂಬುದು ಬಹುಮತದ ವಾದ.

ತಿಳಿದೇ ಕೊಳ್ಳುತ್ತೇವೆಯೇ? ನನಗಂತೂ ತಿಳಿದಿರಲಿಲ್ಲ. ಆದ್ದರಿಂದ ನಮ್ಮಲ್ಲಿ ಪದೇಪದೇ ಕೇಳಿಬರುವ ಕೆಲವು ಪ್ರಶ್ನೆಗಳಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ.

"ಮನೆ ಕೊಂಡು ಕೆಲವು ತಿಂಗಳಾದ ಮೇಲೆ ಇನ್ನೊಂದು ಬಿಲ್ಲು ಬಂತಲ್ಲ, ಇದೇನು?" ಅದು ಸಪ್ಲಿಮೆಂಟಲ್ ಬಿಲ್ಲು, 1983ರಿಂದ ಇದೆ. ಹಳೆಯ ಮಾಲೀಕರ ಬೆಲೆಗೂ ನಿಮ್ಮ ಬೆಲೆಗೂ ಇರುವ ಅಂತರದ ಮೇಲೆ, ನೀವು ಕೊಂಡ ದಿನದಿಂದ ಲೆಕ್ಕ ಹಾಕಿದ ಕಂದಾಯ. ಸಾಲ ಕೊಟ್ಟ ಬ್ಯಾಂಕು ಕಟ್ಟುತ್ತದೆ ಎಂದು ನಾನು ಪಕ್ಕಕ್ಕಿಟ್ಟೆ. ಸಾಮಾನ್ಯವಾಗಿ ಅದು ಮಾಲೀಕರಿಗೇ ಬರುತ್ತದೆ, ಮಾಲೀಕರೇ ಕಟ್ಟಬೇಕು. 10 ಶೇಕಡಾ ದಂಡ ತೆತ್ತು ಪಾಠ ಕಲಿತೆ.

"ಮಾಮೂಲಿ ಬಿಲ್ಲು ಯಾವಾಗ?" ಎರಡು ಕಂತು. ಮೊದಲನೆಯದಕ್ಕೆ ಡಿಸೆಂಬರ್ 10, ಎರಡನೆಯದಕ್ಕೆ ಏಪ್ರಿಲ್ 10 ಕಡೆಯ ದಿನ.

"ಮನೆ ಬೆಲೆ ಬಿದ್ದರೆ?" 1978ರ ನವೆಂಬರಿನಲ್ಲಿ ಬಂದ ಪ್ರೊಪೊಸಿಷನ್ 8ರ ಪ್ರಕಾರ ಜನವರಿ 1ರ ಮಾರುಕಟ್ಟೆ ಬೆಲೆ ನಿಮ್ಮ ದಾಖಲೆಯ ಬೆಲೆಗಿಂತ ಕಡಿಮೆಯಿದ್ದರೆ ತಾತ್ಕಾಲಿಕವಾಗಿ ಇಳಿಸಬೇಕು. ಒಪ್ಪದಿದ್ದರೆ ಮೇಲ್ಮನವಿಗೆ ಜುಲೈ 2ರಿಂದ ಅವಕಾಶ. ಕಡೆಯ ದಿನ ಕೌಂಟಿಗೆ ತಕ್ಕಂತೆ ಸೆಪ್ಟೆಂಬರ್ 15 ಅಥವಾ ನವೆಂಬರ್ 30. ಇದಕ್ಕೆ ಪೌರತ್ವ ಬೇಕಿಲ್ಲ. ನೀವೇ ವಾಸವಿರುವ ಮನೆಯಾದರೆ 7,000 ಡಾಲರ್ ವಿನಾಯಿತಿಯ ಅರ್ಜಿಯನ್ನೂ ಮರೆಯದೆ ಹಾಕಿ. ಉಳಿಯುವುದು ವರ್ಷಕ್ಕೆ ಸುಮಾರು 70 ಡಾಲರ್, ಆದರೂ ಅದು ನಿಮ್ಮದು.

"ಮನೆಯಲ್ಲೇ ಸಂಗೀತ ಪಾಠ ಹೇಳುತ್ತೇನೆ, ಲೈಸೆನ್ಸ್ ಬೇಕೇ?" ಸಾಮಾನ್ಯವಾಗಿ ನಿಮ್ಮ ನಗರದ ಬಿಸಿನೆಸ್ ಲೈಸೆನ್ಸ್ ಬೇಕು, ಶುಲ್ಕ ಊರಿಂದೂರಿಗೆ ಬೇರೆ. ನಿಮ್ಮ ಹೆಸರು ಬಿಟ್ಟು ಬೇರೆ ಹೆಸರಿನಲ್ಲಿ ನಡೆಸಿದರೆ ಆ ಹೆಸರನ್ನು ಕೌಂಟಿ ಕ್ಲರ್ಕ್ ಬಳಿ ದಾಖಲಿಸಬೇಕು. ಮನೆಯಲ್ಲಿ ತಿಂಡಿ ಮಾಡಿ ಮಾರುವವರಿಗೆ 2013ರಿಂದ ರಾಜ್ಯದ ಕಾನೂನು ದಾರಿ ಮಾಡಿಕೊಟ್ಟಿದೆ. ಯಾವ ತಿಂಡಿ ಆಗಬಹುದು, ಯಾವುದು ಆಗದು ಎಂಬ ಪಟ್ಟಿ ಇದೆ, ನೋಂದಣಿ ಅಥವಾ ಪರವಾನಗಿ ಸ್ಥಳೀಯ ಆರೋಗ್ಯ ಇಲಾಖೆಯಲ್ಲಿ. ಕುದುರೆಯಿಲ್ಲದವರಿಗೆ 15 ಡಾಲರ್ ಎಂಬ ಕಾಲ ಹೋಯಿತು. ಶುಲ್ಕ ಎಲ್ಲರಿಗೂ ಒಂದೇ ಅಳತೆಯೇ ಎಂದು ಕೇಳುವ ಹಕ್ಕು ಹೋಗಿಲ್ಲ.

ಇಷ್ಟು ಹೇಳಿ ಇಳಿದುಹೋದರೆ ಸುಲಭ. ಆದರೆ ಆ ತರುಣನ ಪ್ರಶ್ನೆ ಇನ್ನೂ ಹಾಗೇ ಇದೆ.

ನನ್ನ 7 ಲಕ್ಷದ ಮನೆಯ ಬೆಲೆ ಕೌಂಟಿಯ ಪುಸ್ತಕದಲ್ಲಿ ಇಂದು ಹೆಚ್ಚೆಂದರೆ ಹತ್ತೂವರೆ ಲಕ್ಷದ ಆಸುಪಾಸು. ಅವರು ಅಂಥದೇ ಮನೆಗೆ 20 ಲಕ್ಷ ಕೊಟ್ಟಿದ್ದಾರೆ. ನಾನು ಹತ್ತು ಸಾವಿರದ ಚಿಲ್ಲರೆ ಕಟ್ಟುತ್ತೇನೆ, ಅವರು 20 ಸಾವಿರ. ಇಬ್ಬರ ಮನೆ ಮುಂದೆಯೂ ಒಂದೇ ರಸ್ತೆ, ಇಬ್ಬರಿಗೂ ಒಂದೇ ಅಗ್ನಿಶಾಮಕ ದಳ. ಬೇಲಿಯ ಬಳಿ ಗೊಣಗುತ್ತಾ ನಿಂತಿದ್ದ ಹೊಸಬ ನಾನು. ಈಗ ಬೇಲಿಯ ಆಚೆಗಿರುವ ಹಳಬನೂ ನಾನೇ. ಆ ಶಿಕ್ಷಕಿ ತಮ್ಮ ಚೀಟಿಯನ್ನು ತೋರಿಸಿದ್ದರು, ನಾನು ಮುಚ್ಚಿಟ್ಟೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. 1986ರಿಂದ ತಂದೆತಾಯಿಯ ಹಳೆಯ ಬೆಲೆ ಮಕ್ಕಳಿಗೂ ಹೋಗುವ ಅವಕಾಶವಿತ್ತು, ಬಾಡಿಗೆಗೆ ಕೊಟ್ಟ ಮನೆಗೂ ಸಹ. 2020ರ ಪ್ರೊಪೊಸಿಷನ್ 19 ಅದನ್ನು ಮೊಟಕುಗೊಳಿಸಿತು. ಈಗ ಮಕ್ಕಳು ಆ ಮನೆಯಲ್ಲೇ ವಾಸವಿರಬೇಕು, ಅದಕ್ಕೂ ಒಂದು ಮಿತಿಯಿದೆ. ಮತಪತ್ರ ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ನನ್ನ ಮಕ್ಕಳು, ಆ ತರುಣನಲ್ಲ. ಹದಿನೇಳು ವರ್ಷದ ಹಿಂದೆ ನಿದ್ದೆಗೆಟ್ಟದ್ದನ್ನು ನಾನು ಎಷ್ಟು ಬೇಗ ಮರೆತಿದ್ದೆ ನೋಡಿ.

ಪ್ರೊಪೊಸಿಷನ್ 13 ಕೆಟ್ಟದ್ದು ಎಂದು ಹೇಳಲು ನಾನಿಲ್ಲಿ ನಿಂತಿಲ್ಲ. ನನ್ನ ನೆರೆಯ ಶಿಕ್ಷಕಿ ಕೊನೆಯವರೆಗೂ ತಮ್ಮ ಮನೆಯಲ್ಲೇ ಬದುಕಿದ್ದು ಅದರಿಂದಲೇ. ಆದರೆ ಅದೇ ರಕ್ಷಣೆ ದೊಡ್ಡ ವಾಣಿಜ್ಯ ಕಟ್ಟಡಗಳಿಗೂ ಸಿಗುತ್ತಿದೆ. ಅವುಗಳನ್ನು ಮಾರುಕಟ್ಟೆ ಬೆಲೆಗೆ ತರುವ ಪ್ರೊಪೊಸಿಷನ್ 15 ಅದೇ 2020ರಲ್ಲಿ ಸ್ವಲ್ಪದರಲ್ಲೇ ಸೋತಿತು. ಕಂದಾಯಕ್ಕೆ ಮಿತಿ ಬಿದ್ದ ಮೇಲೆ ಶಾಲೆಗಳು ರಾಜ್ಯದ ಕೈ ನೋಡುವಂತಾಯಿತು, ಊರುಗಳು ಪಾರ್ಸೆಲ್ ತೆರಿಗೆ, ಮೆಲ್ಲೊ ರೂಸ್ ಎಂದು ಬೇರೆ ಬೇರೆ ದಾರಿ ಹುಡುಕಿದವು. ಆ ಹೊರೆಯಲ್ಲೂ ದೊಡ್ಡ ಪಾಲು ಹೊಸ ಬಡಾವಣೆಗಳ ಹೊಸಬರಿಗೆ.

ನಮ್ಮ ಅಜ್ಜನ ಊರು ಹೊಸನಗರ ತಾಲ್ಲೂಕು. ಕಂದಾಯದ ರಸೀದಿಗಳನ್ನು ಅಜ್ಜ ಕಬ್ಬಿಣದ ಟ್ರಂಕಿನಲ್ಲಿ ಒಡವೆಯಂತೆ ಇಟ್ಟಿದ್ದರು. ಅದೇ ಸೀಮೆಯಲ್ಲಿ 1830ರಲ್ಲಿ ಕಂದಾಯದ ಕಿರುಕುಳ ತಾಳಲಾರದೆ ರೈತರು ಎದ್ದರು. ಆ ನಗರ ದಂಗೆಯನ್ನೇ ಮುಖ್ಯ ಕಾರಣವಾಗಿ ತೋರಿಸಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ತಾವೇ ವಹಿಸಿಕೊಂಡರು. ಆ ರೈತರು ಊರೂರಲ್ಲಿ ಸೇರುತ್ತಿದ್ದ ಸಭೆಗಳಿಗೆ ಅಂದಿನ ಹೆಸರು ಕೂಟ. ನಮ್ಮ ಸಂಘಗಳಿಗೂ ಅದೇ ಹೆಸರು. ಅವರು ಕೂಟ ಸೇರಿದ್ದು ಊಟಕ್ಕಲ್ಲ, ಲೆಕ್ಕ ಕೇಳಲು.

ನಾವು ದಂಗೆ ಏಳಬೇಕಿಲ್ಲ. ಆದರೆ ಲೆಕ್ಕ ಕೇಳಬಹುದು. ನಗರಸಭೆ, ಶಾಲಾ ಮಂಡಳಿ, ಕೌಂಟಿ ಮಂಡಳಿಗಳ ಬಹಿರಂಗ ಸಭೆಯಲ್ಲಿ ಎದ್ದು ಮಾತಾಡಲು ಯಾರ ಪಾಸ್‌ಪೋರ್ಟನ್ನೂ ಕೇಳುವುದಿಲ್ಲ. ಮತವಿದ್ದ ನನ್ನಂಥವರು ಮತವಿಲ್ಲದ ನಿಮ್ಮನ್ನೂ ನೆನೆದು ಮತಪತ್ರ ತುಂಬಬೇಕು. ಕೂಟದಲ್ಲಿ ವರ್ಷಕ್ಕೊಂದು ದಿನ, ಅಕ್ಟೋಬರಿನಲ್ಲಿ ಬಿಲ್ಲು ಬರುವ ಹೊತ್ತಿಗೆ, ಹಳಬರು ಹೊಸಬರ ಪಕ್ಕ ಕುಳಿತು ಚೀಟಿ ಓದಿ ಹೇಳೋಣ.

ಮೊದಲ ಚೀಟಿ ನನ್ನದೇ. ಕಳೆದ ವರ್ಷದ್ದನ್ನು ಕೋಟಿನ ಜೇಬಿನಲ್ಲಿ ತಂದಿದ್ದೇನೆ. ಆ ತರುಣ ಇಲ್ಲೇ ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಊಟದ ಹೊತ್ತಿಗೆ ಬನ್ನಿ, ತೋರಿಸುತ್ತೇನೆ.